ಟೇಬಲ್ ಸಾ ಯಂತ್ರಕ್ಕೆ ಯಾವ ಸ್ಲೆಡ್ ಮಾಡಿಕೊಳ್ಳಬೇಕು?

ಟೇಬಲ್ ಸಾ ಯಂತ್ರವನ್ನು, ಅಂದರೆ ಮೇಜಿನ ಸೀಳಿನಿಂದ ಮೇಲೆದ್ದ ವೃತ್ತಾಕಾರದ ಬ್ಲೇಡ್ ಮರ ಕೊಯ್ಯುವ ಯಂತ್ರವನ್ನು, ಹೊಸದಾಗಿ ಕೊಂಡವರು ಕೆಲವೇ ದಿನಗಳಲ್ಲಿ ಒಂದು ಕೊರತೆಯನ್ನು ಕಂಡುಕೊಳ್ಳುತ್ತಾರೆ. ಹಲಗೆಯನ್ನು ಮರದ ನಾರೆಳೆಯ ಉದ್ದಕ್ಕೆ ಸೀಳುವಾಗ ಎಷ್ಟು ಹಿತವಾಗಿ ಕೆಲಸ ಮಾಡುವ ಯಂತ್ರವೋ, ಎಳೆಗೆ ಅಡ್ಡವಾಗಿ ನಿಖರ ಮೂಲೆಯಲ್ಲಿ ತುಂಡರಿಸಲು ಹೊರಟಾಗ ಅಷ್ಟೇ ಕೈಕೊಡುತ್ತದೆ. ಯಂತ್ರದ ಜೊತೆ ಬರುವ, ಮರವನ್ನು ಬೇಕಾದ ಕೋನಕ್ಕೆ ಒರಗಿಸಿ ತಳ್ಳುವ ಮೈಟರ್ ಗೇಜಿನ ಮುಖ ಕಿರಿದು, ಅದರ ಕಂಬಿ ಮೇಜಿನ ಉದ್ದನೆಯ ತೋಡಿನೊಳಗೆ (ಸ್ಲಾಟ್) ಅಲುಗಾಡುತ್ತದೆ, ಸ್ವಲ್ಪ ಅಗಲದ ಹಲಗೆ ಇಟ್ಟರೆ ಮೇಜಿನ ಮೇಲೆ ಅದು ಉಜ್ಜಿಕೊಂಡು ವಾಲುತ್ತದೆ. ಇದಕ್ಕೆ ಬಡಗಿಗಳು ಬಹುಕಾಲದಿಂದ ಕಂಡುಕೊಂಡಿರುವ ಪರಿಹಾರ ಸ್ಲೆಡ್: ಮೇಜಿನ ಸ್ಲಾಟುಗಳಲ್ಲಿ ಜಾರುವ ರನ್ನರುಗಳ ಮೇಲೆ ಕೂರಿಸಿದ ಒಂದು ಹಲಗೆ, ಅದರ ಮೇಲೆ ಮರವನ್ನು ಒರಗಿಸಲು ಒಂದು ಗಟ್ಟಿ ನೇರ ಪಟ್ಟಿ, ಅಂದರೆ ಫೆನ್ಸ್. ಕೊಯ್ಯಬೇಕಾದ ಮರ ಮೇಜಿನ ಮೇಲೆ ಜಾರುವುದಿಲ್ಲ. ಸ್ಲೆಡ್ಡೇ ಮರವನ್ನು ಹೊತ್ತು ಜಾರುತ್ತದೆ.

ಗೊಂದಲ ಶುರುವಾಗುವುದು ಮಾಡಲು ಕುಳಿತಾಗ. ಎರಡು ರನ್ನರಿನ ದೊಡ್ಡ ಸ್ಲೆಡ್ ಮಾಡಬೇಕೆ, ಒಂದೇ ರನ್ನರಿನ ಚಿಕ್ಕದು ಸಾಕೆ, ಫೋಟೊ ಚೌಕಟ್ಟಿಗೆ 45 ಡಿಗ್ರಿಯದು ಬೇರೆ ಬೇಕೆ, ಓರೆ ಕಾಲುಗಳಿಗೆ ಇನ್ನೊಂದೇ ಎಂಬ ಪ್ರಶ್ನೆಗಳಿಗೆ ಎಲ್ಲರಿಗೂ ಹೊಂದುವ ಒಂದೇ ಉತ್ತರವಿಲ್ಲ. ಆದರೆ ನನ್ನ ಅಭಿಪ್ರಾಯವನ್ನು ಮುಚ್ಚಿಡುವುದಿಲ್ಲ: ಮೊದಲ ಸ್ಲೆಡ್ ಎಂದು ಬಹುತೇಕರು ಮಾಡಿಕೊಳ್ಳುವ ಭಾರೀ ಗಾತ್ರದ ಸ್ಲೆಡ್, ನಮ್ಮಲ್ಲಿ ಹೆಚ್ಚಾಗಿ ಬಳಕೆಯಲ್ಲಿರುವ ಸಣ್ಣ ಮೇಜಿನ ಯಂತ್ರಗಳಿಗೆ ಹೊಂದುವುದು ಕಡಿಮೆ.

ಅಳೆಯಬೇಕಾದದ್ದು ಏನನ್ನು

ಮೊದಲ ಪ್ರಶ್ನೆ ಕೆಲಸದ್ದು. ನೀವು ವಾರದಲ್ಲಿ ಹೆಚ್ಚು ಬಾರಿ ತುಂಡರಿಸುವ ಹಲಗೆಯ ಅಗಲ ಎಷ್ಟು? ಡಬ್ಬಿ, ಚೌಕಟ್ಟು, ಸ್ಟೂಲು ಮಾಡುವವರಿಗೆ 250 ಮಿ.ಮೀ. ದಾಟುವುದು ಅಪರೂಪ, ಅಡುಗೆಮನೆಯ ಕಪಾಟಿನ ಪಕ್ಕದ ಹಲಗೆಗಳನ್ನು ಕೊಯ್ಯುವವರಿಗೆ 550ರಿಂದ 600 ಮಿ.ಮೀ. ದಿನನಿತ್ಯದ ಮಾತು. ಎಂದೋ ಒಮ್ಮೆ ಬರುವ ಅಗಲದ ಹಲಗೆಗಾಗಿ ದಿನವೂ ಭಾರ ಎತ್ತುವ ಅಗತ್ಯವಿಲ್ಲ.

ಎರಡನೆಯದು ಯಂತ್ರದ್ದು. ಮೇಜಿನ ಮೇಲೆ ಬ್ಲೇಡಿನ ಮುಂದೆ, ಅಂದರೆ ನೀವು ನಿಲ್ಲುವ ಕಡೆ, ಎಷ್ಟು ಜಾಗವಿದೆ ಎಂಬುದನ್ನು ಟೇಪ್ ಹಿಡಿದು ಅಳೆಯಿರಿ. ಸ್ಲೆಡ್ ಕೊಯ್ಲನ್ನು ಆರಂಭಿಸುವಾಗ ಅದರ ಹೆಚ್ಚಿನ ಭಾಗ ಮೇಜಿನ ಮೇಲೆಯೇ ಇರಬೇಕು. ಅರ್ಧಕ್ಕಿಂತ ಹೆಚ್ಚು ಭಾಗ ಗಾಳಿಯಲ್ಲಿ ತೂಗಿದರೆ ಅದು ಮುಗ್ಗರಿಸುತ್ತದೆ, ರನ್ನರ್ ಸ್ಲಾಟಿನಿಂದ ಏಳುತ್ತದೆ. ಸ್ಲಾಟಿನ ಅಗಲವನ್ನೂ ಅಳೆಯಬೇಕು. ಹೆಚ್ಚಿನ ಯಂತ್ರಗಳಲ್ಲಿ ಅದು ಮುಕ್ಕಾಲು ಇಂಚು, ಅಂದರೆ 19 ಮಿ.ಮೀ.ಗೆ ಹತ್ತಿರವಿರುತ್ತದೆಯಾದರೂ, ಅಗ್ಗದ ಮಾದರಿಗಳಲ್ಲಿ ಅದಕ್ಕಿಂತ ಕಿರಿದಾದ, ಒಂದು ತುದಿಯಿಂದ ಇನ್ನೊಂದಕ್ಕೆ ಅಗಲವೇ ಬದಲಾಗುವ ಸ್ಲಾಟುಗಳೂ ಸಿಗುತ್ತವೆ. ಬ್ಲೇಡ್ ಮತ್ತು ಸ್ಲಾಟ್ ಸಮಾನಾಂತರವಾಗಿವೆಯೇ ಎಂಬುದು ಎಲ್ಲಕ್ಕಿಂತ ಮುಖ್ಯ. ಯಂತ್ರದ ಪ್ಲಗ್ ಕಿತ್ತು, ಬ್ಲೇಡಿನ ಒಂದು ಹಲ್ಲಿಗೆ ಗುರುತು ಮಾಡಿ, ಅದೇ ಹಲ್ಲನ್ನು ಮುಂದಕ್ಕೂ ಹಿಂದಕ್ಕೂ ತಿರುಗಿಸಿ ಸ್ಲಾಟಿನಿಂದ ಅದರ ದೂರವನ್ನು ಅಳೆಯಿರಿ. 0.1 ಮಿ.ಮೀ.ಗಿಂತ ಹೆಚ್ಚು ವ್ಯತ್ಯಾಸ ಕಂಡರೆ ಮೊದಲು ಯಂತ್ರವನ್ನು ಸರಿಪಡಿಸಬೇಕು. ಯಂತ್ರದ ಸೊಟ್ಟನ್ನು ಯಾವ ಸ್ಲೆಡ್ಡೂ ನೇರ ಮಾಡಲಾರದು.

ಮೂರನೆಯದು ಆಳ. 10 ಇಂಚಿನ, ಅಂದರೆ 254 ಮಿ.ಮೀ. ಬ್ಲೇಡಿನ ಯಂತ್ರ ಸಾಮಾನ್ಯವಾಗಿ 80 ಮಿ.ಮೀ.ಗೆ ಹತ್ತಿರದಷ್ಟು ಮೇಲೇಳುತ್ತದೆ. ಸ್ಲೆಡ್ಡಿನ ತಳ 18 ಮಿ.ಮೀ. ದಪ್ಪವಿದ್ದರೆ ನಿಮಗೆ ಉಳಿಯುವುದು ಸುಮಾರು 60, ತಳ 12 ಮಿ.ಮೀ. ಇದ್ದರೆ ಸುಮಾರು 67. ಮೇಜಿನ ಕಾಲಿಗೆ 65 ಮಿ.ಮೀ. ಚೌಕದ ಮರ ಬಳಸುವವರಿಗೆ ಈ ಆರು ಏಳು ಮಿಲಿಮೀಟರುಗಳೇ ನಿರ್ಣಾಯಕ.

ಕೊನೆಯ ಅಳತೆಗೋಲು ಸುರಕ್ಷತೆ. ನಿಮಿಷಕ್ಕೆ 4,000 ಸುತ್ತು ತಿರುಗುವ 10 ಇಂಚಿನ ಬ್ಲೇಡಿನ ಹಲ್ಲು ಗಂಟೆಗೆ ಸುಮಾರು 190 ಕಿ.ಮೀ. ವೇಗದಲ್ಲಿ ಓಡುತ್ತಿರುತ್ತದೆ. ಸ್ಲೆಡ್ ಬಳಸಲು ಬ್ಲೇಡಿನ ಮೇಲಿನ ಕವಚವನ್ನು ಬಹುತೇಕ ತೆಗೆಯಲೇಬೇಕಾಗುತ್ತದೆ ಎಂಬುದನ್ನು ಮರೆಯಬಾರದು. ಕವಚ ಮಾಡುತ್ತಿದ್ದ ಕೆಲಸದಲ್ಲಿ ಎಷ್ಟು ಪಾಲನ್ನು ಸ್ಲೆಡ್ಡಿನ ರಚನೆ ವಹಿಸಿಕೊಳ್ಳುತ್ತದೆ ಎಂಬುದರ ಮೇಲೆ ಪ್ರತಿಯೊಂದು ಬಗೆಯನ್ನೂ ತೂಗಬೇಕು. ಬ್ಲೇಡಿನ ಹಿಂದೆ ನಿಂತು ಕೊಯ್ದ ಸೀಳು ಮುಚ್ಚದಂತೆ ತಡೆಯುವ ರೈವಿಂಗ್ ನೈಫ್ ಎಂಬ ಲೋಹದ ತಗಡನ್ನು ಮಾತ್ರ ತೆಗೆಯುವ ಅಗತ್ಯವಿಲ್ಲ. ಅದು ಬ್ಲೇಡಿನ ಕೊಯ್ಲಿಗಿಂತ ತೆಳುವಾಗಿರುವುದರಿಂದ ಸ್ಲೆಡ್ಡಿನ ಸೀಳಿನಲ್ಲೇ ಹಾದುಹೋಗುತ್ತದೆ.

ಸ್ಲೆಡ್ಡೇ ಬೇಡವೆನ್ನುವವರಿಗೆ

ಬೆಲೆ, ಶ್ರಮ, ಜಾಗ ಮೂರೂ ಕಡಿಮೆಯಿರಬೇಕೆಂದರೆ ಯಂತ್ರದ ಜೊತೆ ಬಂದ ಮೈಟರ್ ಗೇಜಿಗೇ ಒಂದು ಉದ್ದನೆಯ ಮರದ ಮುಖ ಜೋಡಿಸಿಕೊಳ್ಳಬಹುದು. 18 ಮಿ.ಮೀ. ಪ್ಲೈವುಡ್ಡಿನ 400 ಮಿ.ಮೀ. ಉದ್ದ, 70 ಮಿ.ಮೀ. ಎತ್ತರದ ಒಂದು ನೇರ ಪಟ್ಟಿಯನ್ನು ಎರಡು ಸ್ಕ್ರೂಗಳಿಂದ ಗೇಜಿಗೆ ಬಿಗಿದು, ಬ್ಲೇಡಿನ ಆಚೆಗೂ ಚಾಚಿಕೊಳ್ಳುವಂತೆ ಮಾಡಿ, ಒಮ್ಮೆ ಕೊಯ್ದರೆ ಸಿದ್ಧ. ತುಂಡಾದ ಭಾಗವನ್ನೂ ಪಟ್ಟಿ ಹಿಂದಿನಿಂದ ತಳ್ಳುತ್ತದೆ, ಮರದ ಹಿಂಬದಿಯಲ್ಲಿ ಸಿಬಿರು ಏಳುವುದು ಕಡಿಮೆಯಾಗುತ್ತದೆ. ಕಂಬಿಯ ಅಲುಗಾಟಕ್ಕೆ ಅದರ ಬದಿಯಲ್ಲಿ ಉಳಿಯ ತುದಿಯಿಂದಲೋ ಸೆಂಟರ್ ಪಂಚಿನಿಂದಲೋ ಒಂದೆರಡು ಚುಕ್ಕಿ ಹೊಡೆದು ಉಬ್ಬಿಸುವ ಹಳೆಯ ಉಪಾಯ ಇಂದಿಗೂ ಕೆಲಸ ಮಾಡುತ್ತದೆ. ಕೋನ ಬದಲಿಸುವ ಸೌಲಭ್ಯ ಹಾಗೆಯೇ ಉಳಿಯುವುದು ಇದರ ಲಾಭ. ಆದರೆ 150 ಮಿ.ಮೀ. ದಾಟಿದ ಅಗಲಕ್ಕೆ ಇದನ್ನು ನಂಬಲಾಗದು, ಮತ್ತು ಇದು ಕೈಗೆ ಯಾವ ಮರೆಯನ್ನೂ ಕೊಡುವುದಿಲ್ಲ. ತಿಂಗಳಿಗೊಮ್ಮೆ ನಾಲ್ಕು ರೀಪರ್ ತುಂಡರಿಸುವವರು ಇಲ್ಲಿಯೇ ನಿಲ್ಲಬಹುದು.

ಒಂದು ರನ್ನರಿನ ಸ್ಲೆಡ್

ಬ್ಲೇಡಿನ ಎಡಗಡೆಯ ಸ್ಲಾಟಿನಲ್ಲಿ ಮಾತ್ರ ಓಡುವ, ಬ್ಲೇಡಿನ ಅಂಚಿನಲ್ಲೇ ತಳ ಮುಗಿಯುವ ಈ ಸ್ಲೆಡ್ ನೋಡಲು ಅರೆಬರೆಯಂತೆ ಕಾಣುತ್ತದೆ. 500 ಮಿ.ಮೀ. ಅಗಲ, 400 ಮಿ.ಮೀ. ಆಳದ 12 ಮಿ.ಮೀ. ಪ್ಲೈವುಡ್ಡಿನ ತಳ, ಎರಡು ಪದರ ಅಂಟಿಸಿದ ಒಂದು ಫೆನ್ಸ್, ಒಂದು ರನ್ನರ್. ಒಟ್ಟು ಸುಮಾರು 3 ಚದರ ಅಡಿ ಪ್ಲೈವುಡ್ ಸಾಕು, ಅಂದರೆ ಮನೆಯ ಕೆಲಸದಲ್ಲಿ ಉಳಿದ ತುಂಡುಗಳಲ್ಲೇ ಆಗಿಹೋಗುತ್ತದೆ. ತೂಕ ಎರಡು ಕಿಲೋ ಆಸುಪಾಸು. ಮಾಡುವಾಗ ತಳವನ್ನು ಬೇಕಾದುದಕ್ಕಿಂತ ಸ್ವಲ್ಪ ಅಗಲವಾಗಿಟ್ಟು, ರನ್ನರ್ ಜೋಡಿಸಿದ ಮೇಲೆ ಅದೇ ಯಂತ್ರದಲ್ಲಿ ಒಮ್ಮೆ ಓಡಿಸಿದರೆ, ತಳದ ಅಂಚು ಬ್ಲೇಡ್ ಎಲ್ಲಿ ಕೊಯ್ಯುತ್ತದೋ ಸರಿಯಾಗಿ ಅಲ್ಲಿಗೆ ಬಂದು ನಿಲ್ಲುತ್ತದೆ. ಆ ಬಳಿಕ ಗುರುತಿನ ಗೆರೆಯನ್ನು ಅಂಚಿಗೆ ಹೊಂದಿಸಿದರೆ ಸಾಕು, ಕೊಯ್ಲು ಗೆರೆಯ ಮೇಲೆಯೇ ಬೀಳುತ್ತದೆ. ಸನ್‌ಮೈಕಾ ಅಂಟಿಸಿದ ಪ್ಲೈವುಡ್ ಕೊಯ್ಯುವಾಗ ಕೆಳಪದರ ಚಕ್ಕೆ ಏಳದಂತೆ ಈ ಅಂಚು ಒತ್ತಾಗಿ ಹಿಡಿಯುತ್ತದೆ. ದೊಡ್ಡ ಸ್ಲೆಡ್ಡಿಗೂ ಈ ಗುಣವಿದೆಯಾದರೂ, ಬ್ಲೇಡನ್ನು ಓರೆ ಮಾಡಿ ಒಮ್ಮೆ ಕೊಯ್ದರೆ ಅಲ್ಲಿ ಸೀಳು ಅಗಲವಾಗಿ ಗುಣ ಕಳೆದುಹೋಗುತ್ತದೆ.

ಇದರ ನಿಜವಾದ ಲಾಭ ಸ್ಲೆಡ್ಡಿನ ಆಳವು ಹಲಗೆಯ ಅಗಲಕ್ಕೆ ಮಿತಿಯಾಗದಿರುವುದು. ಎದುರಿನ ಫೆನ್ಸ್ ಇಲ್ಲವಾದ್ದರಿಂದ ಹಲಗೆ ಸ್ಲೆಡ್ಡಿನಿಂದ ಮುಂದಕ್ಕೆ ಚಾಚಿಕೊಂಡಿದ್ದರೂ ಅಡ್ಡಿಯಿಲ್ಲ. ಕೊರತೆಯೂ ಅಷ್ಟೇ ಸ್ಪಷ್ಟ: ಬಲಕ್ಕೆ ತುಂಡಾಗಿ ಬೀಳುವ ಭಾಗಕ್ಕೆ ಆಸರೆಯಿಲ್ಲ. ಅದು ತಳದ ದಪ್ಪದಷ್ಟು ಕೆಳಗೆ, ಮೇಜಿನ ಮೇಲೆ, ತಿರುಗುತ್ತಿರುವ ಬ್ಲೇಡಿನ ಪಕ್ಕದಲ್ಲೇ ಬೀಳುತ್ತದೆ. ಸಣ್ಣ ತುಂಡಾದರೆ ಹೆಚ್ಚು ತೊಂದರೆಯಿಲ್ಲ. ಉದ್ದನೆಯ ಭಾಗವಾದರೆ ಕೊಯ್ಲು ಮುಗಿಯುವ ಮೊದಲೇ ಜೋತು ಬ್ಲೇಡನ್ನು ಹಿಂಡಬಹುದು. ಆದ್ದರಿಂದ ಬಲಗಡೆ ಅದೇ 12 ಮಿ.ಮೀ. ದಪ್ಪದ ಇನ್ನೊಂದು ಹಲಗೆಯನ್ನು ಮೇಜಿಗೆ ಕ್ಲ್ಯಾಂಪ್ ಮಾಡಿಟ್ಟುಕೊಳ್ಳುವುದು ಒಳ್ಳೆಯ ಪದ್ಧತಿ. ಒಂದೇ ಸ್ಲಾಟಿನ ಮೇಲೆ ನಂಬಿಕೆ ಇಟ್ಟಿರುವುದರಿಂದ ರನ್ನರ್ ಸ್ವಲ್ಪವೂ ಸಡಿಲವಾಗಿರಬಾರದು ಎಂಬುದು ಇನ್ನೊಂದು ಷರತ್ತು.

ಇಷ್ಟೆಲ್ಲ ಹೇಳಿದ ಮೇಲೂ, ಮಡಚುವ ಕಾಲಿನ ಸಣ್ಣ ಯಂತ್ರವನ್ನು ಬಾಲ್ಕನಿಯಲ್ಲೋ ಗ್ಯಾರೇಜಿನಲ್ಲೋ ಇಟ್ಟುಕೊಂಡಿರುವವರಿಗೆ ಮೊದಲ ಸ್ಲೆಡ್ ಆಗಿ ನಾನು ಸೂಚಿಸುವುದು ಇದನ್ನೇ. ಗೋಡೆಯ ಮೊಳೆಗೆ ನೇತುಹಾಕಬಹುದು, ಒಂದು ಮಧ್ಯಾಹ್ನದ ಕೆಲಸ, ಕೆಟ್ಟರೆ ನಷ್ಟವಿಲ್ಲ.

ಎರಡು ರನ್ನರಿನ ಪೂರ್ಣ ಸ್ಲೆಡ್

ಬ್ಲೇಡಿನ ಎರಡೂ ಬದಿಗೆ ತಳ, ಎರಡೂ ಸ್ಲಾಟುಗಳಲ್ಲಿ ರನ್ನರ್, ನಿಮ್ಮ ಕಡೆಗೊಂದು ಆಚೆ ಕಡೆಗೊಂದು ಫೆನ್ಸ್. ಮರವನ್ನು ಒರಗಿಸುವುದು ನಿಮ್ಮ ಕಡೆಯ ಫೆನ್ಸಿಗೆ. ಆಚೆಯದು ಬ್ಲೇಡ್ ಇಬ್ಭಾಗ ಮಾಡಿದ ತಳವನ್ನು ಹಿಡಿದಿಡಲು ಮಾತ್ರ. ಎರಡೂ ಫೆನ್ಸುಗಳು ಬ್ಲೇಡ್ ಪೂರ್ತಿ ಎದ್ದಾಗಲೂ ಅದಕ್ಕಿಂತ ಕನಿಷ್ಠ 40 ಮಿ.ಮೀ. ಮೇಲಿರಬೇಕು, ಏಕೆಂದರೆ ಕೊಯ್ಯದೆ ಉಳಿದ ಆ ಭಾಗವೇ ಸ್ಲೆಡ್ಡನ್ನು ಒಂದಾಗಿ ಹಿಡಿದಿರುವುದು. ಫೆನ್ಸಿನ ಮಧ್ಯಭಾಗವನ್ನು ಮಾತ್ರ ಎತ್ತರಿಸಿ ಬದಿಗಳನ್ನು ತಗ್ಗಿಸಿದರೆ ತೂಕ ಉಳಿಯುತ್ತದೆ.

ನಿಖರತೆಯಲ್ಲಿ ಇದನ್ನು ಮೀರಿಸುವ ಬಗೆಯಿಲ್ಲ. ಎರಡು ರನ್ನರುಗಳು ಒಂದು ಇನ್ನೊಂದರ ಅಲುಗಾಟವನ್ನು ತಡೆಯುತ್ತವೆ, ತುಂಡಾದ ಎರಡೂ ಭಾಗಗಳು ಸ್ಲೆಡ್ಡಿನ ಮೇಲೆಯೇ ಉಳಿಯುತ್ತವೆ, ಫೆನ್ಸಿಗೆ ಸ್ಟಾಪ್ ಬ್ಲಾಕ್ (ಅಳತೆಗೆ ತಡೆಯಾಗುವ ಮರದ ತುಂಡು) ಕ್ಲ್ಯಾಂಪ್ ಮಾಡಿ ಒಂದೇ ಅಳತೆಯ ಹತ್ತಾರು ತುಂಡುಗಳನ್ನು ಕೊಯ್ಯಬಹುದು. ಸುರಕ್ಷತೆಯ ಮರೆಗಳನ್ನು ಕೂರಿಸಲು ಜಾಗವೂ ಇದರಲ್ಲೇ ಹೆಚ್ಚು. ಎರಡು ಫೆನ್ಸುಗಳ ನಡುವೆ ಬ್ಲೇಡಿನ ಮೇಲೆ ಪಾಲಿಕಾರ್ಬೊನೇಟ್ ಹಾಳೆಯ ಒಂದು ಸೇತುವೆಯನ್ನು ಸ್ಕ್ರೂ ಮಾಡಿದರೆ ಕಳೆದುಕೊಂಡ ಕವಚದ ಬಹುಪಾಲು ಮರಳಿ ಬಂದಂತೆ.

ಬೆಲೆ ತೆರಬೇಕಾದದ್ದು ಭಾರದಲ್ಲಿ. 750 ಮಿ.ಮೀ. ಅಗಲ, 600 ಮಿ.ಮೀ. ಆಳದ 18 ಮಿ.ಮೀ. ತಳವೊಂದೇ ಐದು ಕಿಲೋ ದಾಟುತ್ತದೆ. ಅದನ್ನೇ 12 ಮಿ.ಮೀ.ಯಲ್ಲಿ ಮಾಡಿದರೆ ಮೂರೂವರೆ ಕಿಲೋ. ಫೆನ್ಸುಗಳೂ ಸೇರಿ 8 ಚದರ ಅಡಿ ಪ್ಲೈವುಡ್ ಬೇಕು, ಅಂದರೆ 8×4 ಅಡಿಯ ಹಾಳೆಯಲ್ಲಿ ಕಾಲುಭಾಗ. ನಿಮ್ಮೂರಿನ ಅಂಗಡಿಯ ಚದರ ಅಡಿ ದರದಿಂದ ಗುಣಿಸಿಕೊಂಡರೆ ಖರ್ಚು ತಿಳಿಯುತ್ತದೆ. ಹಗುರ ಯಂತ್ರದ ಕಿರಿದಾದ ಮೇಜಿನ ಮೇಲೆ ಇಷ್ಟು ಭಾರದ ಹಲಗೆಯನ್ನು ಎಳೆದುಕೊಂಡು ಆರಂಭದ ಸ್ಥಾನಕ್ಕೆ ತಂದಾಗ ಯಂತ್ರವೇ ಮುಂದಕ್ಕೆ ವಾಲುವ ಸಂದರ್ಭಗಳುಂಟು. ಅಂಥ ಯಂತ್ರ ಇರುವವರು ಪೂರ್ಣ ಸ್ಲೆಡ್ಡನ್ನೇ ಬಯಸುವುದಾದರೆ 500×400 ಮಿ.ಮೀ. ಆಸುಪಾಸಿನಲ್ಲಿ ನಿಲ್ಲಿಸುವುದು ವಿವೇಕ. ಎರಕದ ಕಬ್ಬಿಣದ ಮೇಜಿರುವ ಭಾರೀ ಯಂತ್ರವಿದ್ದು, ಕಪಾಟು ಮತ್ತು ಡ್ರಾಯರುಗಳೇ ದಿನದ ಕೆಲಸವಾಗಿದ್ದರೆ ಮಾತ್ರ ದೊಡ್ಡದಕ್ಕೆ ಕೈಹಾಕಿ. 600 ಮಿ.ಮೀ. ದಾಟಿದ ಹಲಗೆಗಳನ್ನು ದಿನವೂ ಕೊಯ್ಯುವವರಿಗೆ ಸ್ಲೆಡ್ಡಿಗಿಂತ ಗೈಡ್ ಪಟ್ಟಿಗೆ ಒರಗಿಸಿ ಓಡಿಸುವ ಕೈ ವೃತ್ತಾಕಾರದ ಗರಗಸ ಎಷ್ಟೋ ಮೇಲು.

ಕೋನಕ್ಕೆ, ಓರೆಗೆ, ಸೀಳಿಗೆ

45 ಡಿಗ್ರಿಯ ಸ್ಲೆಡ್ಡನ್ನು ಚೌಕಟ್ಟು ಮಾಡುವವರು ಮಾತ್ರ ಮಾಡಿಕೊಳ್ಳಬೇಕು. ಇದರ ಮರ್ಮ ಒಂದೇ ಮಾತಿನಲ್ಲಿದೆ: ಎರಡು ಫೆನ್ಸುಗಳು ಬ್ಲೇಡಿಗೆ ನಿಖರವಾಗಿ 45 ಡಿಗ್ರಿ ಇರುವುದಕ್ಕಿಂತ, ಒಂದಕ್ಕೊಂದು ನಿಖರವಾಗಿ 90 ಡಿಗ್ರಿ ಇರುವುದು ಮುಖ್ಯ. ಒಂದು ಫೆನ್ಸ್ 45.2 ಡಿಗ್ರಿಗೆ ಕೂತು ಇನ್ನೊಂದು 44.8ಕ್ಕೆ ಕೂತರೂ, ಕೂಡಬೇಕಾದ ಎರಡು ತುಂಡುಗಳಲ್ಲಿ ಒಂದನ್ನು ಎಡಫೆನ್ಸಿನಲ್ಲಿ, ಇನ್ನೊಂದನ್ನು ಬಲಫೆನ್ಸಿನಲ್ಲಿ ಕೊಯ್ದರೆ ಮೂಲೆ 90 ಡಿಗ್ರಿಗೇ ಮುಚ್ಚುತ್ತದೆ. ಆದ್ದರಿಂದ ಒಳ್ಳೆಯ ಮೂಲೆಮಟ್ಟದಿಂದ ಪರೀಕ್ಷಿಸಿದ ಒಂದು ಪ್ಲೈವುಡ್ ತ್ರಿಕೋನವನ್ನೇ ಎರಡೂ ಫೆನ್ಸಿನ ಬದಲಿಗೆ ಕೂರಿಸುವುದು ಸುಲಭ. ಪೂರ್ಣ ಸ್ಲೆಡ್ ಈಗಾಗಲೇ ಇದ್ದವರು ಇದಕ್ಕೆಂದು ಪ್ರತ್ಯೇಕ ಸ್ಲೆಡ್ ಮಾಡದೆ, ಆ ತ್ರಿಕೋನವನ್ನು ಅದರ ಮೇಲೆಯೇ ಸ್ಕ್ರೂ ಮಾಡಿ ತೆಗೆಯಬಹುದು. ವರ್ಷಕ್ಕೊಂದೆರಡು ಚೌಕಟ್ಟು ಮಾಡುವವರಿಗೆ ಇಷ್ಟು ಸಾಕು.

ಮೇಜಿನ ಓರೆ ಕಾಲುಗಳಿಗೂ, ತೊಗಟೆಯಂಚಿನ ಒರಟು ಹಲಗೆಗೆ ಮೊದಲ ನೇರ ಅಂಚು ಕೊಡುವುದಕ್ಕೂ ಬೇಕಾದ ಸ್ಲೆಡ್ ಬೇರೆಯೇ ಜಾತಿಯದು. ಇದು ಎಳೆಯ ಉದ್ದಕ್ಕೆ ಸೀಳುವ ಸ್ಲೆಡ್. ಉದ್ದನೆಯ ಕಿರಿದಾದ ತಳ, ಅದರ ಒಂದು ಅಂಚೇ ಕೊಯ್ಲಿನ ಗೆರೆ, ಮರವನ್ನು ಒತ್ತಿಹಿಡಿಯಲು ಎರಡು ಟಾಗಲ್ ಕ್ಲ್ಯಾಂಪ್. ಸ್ಲಾಟಿನ ರನ್ನರ್ ಇಲ್ಲದೆ, ಬ್ಲೇಡಿಗೆ ಸಮಾನಾಂತರವಾಗಿ ನಿಲ್ಲುವ ಯಂತ್ರದ ರಿಪ್ ಫೆನ್ಸಿಗೆ ಒರಗಿಸಿಯೂ ಓಡಿಸಬಹುದು. ಸಾಮಿಲ್ಲಿನಿಂದ ತೊಗಟೆಯಂಚಿನ ಹಲಗೆಗಳನ್ನು ಕೊಳ್ಳುವವರಿಗೆ, ಅಂಚು ನೇರ ಮಾಡುವ ಜಾಯಿಂಟರ್ ಯಂತ್ರವೂ ಇಲ್ಲ, ಹತ್ತರಿ ಹೊಡೆಯುವ ವ್ಯವಧಾನವೂ ಇಲ್ಲ ಎಂಬ ಸ್ಥಿತಿಯಲ್ಲಿ, ಇದು ಎಲ್ಲಕ್ಕಿಂತ ಮೊದಲು ಬೇಕಾಗುವ ಸ್ಲೆಡ್ಡೇ ಆದೀತು. ಕೈಯಿಂದ ಒತ್ತಿಹಿಡಿದು ಇದನ್ನು ಬಳಸುವುದನ್ನು ಕೆಲವೆಡೆ ನೋಡುತ್ತೇವೆ, ಅದನ್ನು ಒಪ್ಪಲಾಗದು. ಸೀಳುವಾಗ ಮರದೊಳಗಿನ ಬಿಗುವು ಬಿಚ್ಚಿಕೊಂಡು ಸೀಳು ಮುಚ್ಚಲೂಬಹುದು, ಆಗ ಬ್ಲೇಡಿನ ಹಿಂಭಾಗದ ಹಲ್ಲುಗಳು ಮರವನ್ನು ಎತ್ತಿ ನಿಮ್ಮ ಕಡೆಗೆ ಎಸೆಯುತ್ತವೆ. ಕಿಕ್‌ಬ್ಯಾಕ್ ಎಂದರೆ ಇದೇ. ಟಾಗಲ್ ಕ್ಲ್ಯಾಂಪ್ ಮತ್ತು ರೈವಿಂಗ್ ನೈಫ್ ಎರಡೂ ಇಲ್ಲದೆ ಈ ಸ್ಲೆಡ್ಡನ್ನು ಮುಟ್ಟಬಾರದು.

ಪೆಟ್ಟಿಗೆಯ ಬೆರಳು ಜೋಡಣೆಗೆ ಮಾಡುವ ಸ್ಲೆಡ್ಡಿನ ಬಗ್ಗೆ ಒಂದು ಎಚ್ಚರಿಕೆ ಮಾತ್ರ: ಅನೇಕ ಸಾಗಿಸಬಹುದಾದ ಯಂತ್ರಗಳಲ್ಲಿ ಬ್ಲೇಡಿನ ಅಕ್ಷ ಗಿಡ್ಡವಾಗಿದ್ದು, ಅಗಲವಾದ ತೋಡು ಕೊಯ್ಯಲು ಹಲವು ಬ್ಲೇಡುಗಳನ್ನು ಜೋಡಿಸಿದ ಡೇಡೋ ಸೆಟ್ ಅದರಲ್ಲಿ ಕೂರುವುದಿಲ್ಲ. ಆಗ ಒಂದೇ ಬ್ಲೇಡಿನ ಸುಮಾರು 3 ಮಿ.ಮೀ. ಬೆರಳುಗಳಿಗೆ ತೃಪ್ತಿಪಡಬೇಕಾಗುತ್ತದೆ.

ಸ್ಲಾಟೇ ಇಲ್ಲದ ಮೇಜು

ನಮ್ಮ ಊರುಗಳ ಕಟ್ಟಡದ ಕೆಲಸದಲ್ಲಿ ಕಾಣುವ ಟೇಬಲ್ ಸಾ ಎಂದರೆ ಹೆಚ್ಚಾಗಿ ಪ್ಲೈವುಡ್ ಮೇಜಿನ ಅಡಿಗೆ ತಲೆಕೆಳಗಾಗಿ ಬಿಗಿದ ಕೈ ಗರಗಸ. ಮಾರ್ಬಲ್ ಕಟ್ಟರಿಗೆ ಮರದ ಬ್ಲೇಡ್ ಹಾಕಿ ಬಿಗಿದದ್ದೂ ಉಂಟು. ಇಂಥ ಮೇಜಿಗೆ ಸ್ಲೆಡ್ ಮಾಡಬಹುದೇ ಎಂದು ಕೇಳುವವರಿಗೆ ನನ್ನ ಉತ್ತರ ಎರಡು ಭಾಗದ್ದು. 7 ಇಂಚಿನ ವೃತ್ತಾಕಾರದ ಗರಗಸವನ್ನು ಭದ್ರವಾಗಿ ಬಿಗಿದು, ಕೈಗೆಟಕುವ ಕಡೆ ಪ್ರತ್ಯೇಕ ಸ್ವಿಚ್ ಇಟ್ಟು, ರೈವಿಂಗ್ ನೈಫಿನ ಬದಲಿಗೆ ಬ್ಲೇಡಿನ ಹಿಂದೆ ಸ್ಪ್ಲಿಟರ್ ಒಂದನ್ನು ನಿಲ್ಲಿಸಿಕೊಂಡಿದ್ದರೆ, ಮೇಜಿನ ಎರಡೂ ಹೊರ ಅಂಚುಗಳನ್ನು ಅಪ್ಪಿಕೊಂಡು ಓಡುವ ಸ್ಲೆಡ್ ಮಾಡಬಹುದು. ಆದರೆ ಆ ಅಂಚುಗಳು ಬ್ಲೇಡಿಗೆ ಸಮಾನಾಂತರವಾಗಿರುವಂತೆ ಮೊದಲೇ ಹೊಂದಿಸಿರಬೇಕು. ಮಾರ್ಬಲ್ ಕಟ್ಟರಿನ ಮೇಜಿಗೆ ಮಾತ್ರ ಸ್ಲೆಡ್ ಬೇಡ. ನಿಮಿಷಕ್ಕೆ ಸುಮಾರು 12,000 ಸುತ್ತು ತಿರುಗುವ, ಕಲ್ಲಿಗೆಂದು ಮಾಡಿದ ಯಂತ್ರವದು. ಅದಕ್ಕೆ ಒಳ್ಳೆಯ ಸ್ಲೆಡ್ ಮಾಡಿಕೊಟ್ಟರೆ ಬಳಕೆ ಹೆಚ್ಚುತ್ತದೆಯೇ ಹೊರತು ಅಪಾಯ ತಗ್ಗುವುದಿಲ್ಲ.

ಯಾವ ಸಾಮಗ್ರಿ

ತಳಕ್ಕೆ ಚಪ್ಪಟೆಯಾದ, ಒಳಪದರಗಳಲ್ಲಿ ಟೊಳ್ಳಿಲ್ಲದ ಪ್ಲೈವುಡ್ ಬೇಕು. ಭಾರತೀಯ ಮಾನಕದ ಐಎಸ್ 710 ಗುರುತಿನ ಮರೀನ್ ಪ್ಲೈವುಡ್ ದುಬಾರಿಯಾದರೂ ಚಿಕ್ಕ ಸ್ಲೆಡ್ಡಿಗೆ ಬೇಕಾಗುವುದು ಮೂರು ಚದರ ಅಡಿ ಮಾತ್ರವಾದ್ದರಿಂದ ಜಿಪುಣತನ ಬೇಡ. ಐಎಸ್ 303ರ ಸಾಮಾನ್ಯ ಪ್ಲೈವುಡ್ಡಿನಲ್ಲೂ ನೇರವಾದ ತುಂಡನ್ನು ಆರಿಸಬಹುದು. ಮರದ ನಾರನ್ನು ಒತ್ತಿ ಮಾಡಿದ ಎಂಡಿಎಫ್ ಹಲಗೆ ಅಗ್ಗ, ಚಪ್ಪಟೆ, ನುಣುಪು. ಆದರೆ ಕರಾವಳಿ ಮತ್ತು ಮಲೆನಾಡಿನ ಮಳೆಗಾಲದಲ್ಲಿ ಅಂಚುಗಳು ತೇವ ಹೀರಿ ಉಬ್ಬುತ್ತವೆ. ಬಳ್ಳಾರಿ, ರಾಯಚೂರಿನಂಥ ಒಣ ಊರಿನವರು ಧೈರ್ಯವಾಗಿ ಬಳಸಬಹುದು.

ರನ್ನರಿನ ಆಯ್ಕೆಯಲ್ಲೂ ಮಳೆಗಾಲವೇ ತೀರ್ಪುಗಾರ. 19 ಮಿ.ಮೀ. ಅಗಲದ ಮರದ ರನ್ನರ್ ಶೇ. 1ರಷ್ಟು ಹಿಗ್ಗಿದರೂ 0.19 ಮಿ.ಮೀ. ಆಗುತ್ತದೆ, ಸ್ಲಾಟಿನಲ್ಲಿ ಸಿಕ್ಕಿಹಾಕಿಕೊಳ್ಳಲು ಅಷ್ಟು ಧಾರಾಳ ಸಾಕು. ಮರವೇ ಬೇಕೆಂದರೆ ಚೆನ್ನಾಗಿ ಒಣಗಿದ ತೇಗ ಒಳ್ಳೆಯದು, ಏಕೆಂದರೆ ಹವೆ ಬದಲಾದಂತೆ ಅದು ಹಿಗ್ಗಿ ಕುಗ್ಗುವುದು ಬೇರೆ ಅನೇಕ ಮರಗಳಿಗಿಂತ ಕಡಿಮೆ. ಪಟ್ಟಿಯ ತುದಿಯಲ್ಲಿ ಕಾಣುವ ವಾರ್ಷಿಕ ಉಂಗುರಗಳು ಮೇಜಿಗೆ ಲಂಬವಾಗಿ ನಿಂತಿರುವಂತೆ ಆರಿಸಿದರೆ ಅಗಲದಲ್ಲಿ ಹಿಗ್ಗುವುದು ಇನ್ನೂ ಕಡಿಮೆ. ತೇಗದ ಎಣ್ಣೆಯಂಶ ಅಂಟನ್ನು ಹಿಡಿಯಗೊಡದ ಕಾರಣ ಅಂಟಿನ ಜೊತೆ ಸ್ಕ್ರೂ ಇರಲೇಬೇಕು. ಎಚ್‌ಡಿಪಿಇ ಪ್ಲಾಸ್ಟಿಕ್ ತೇವಕ್ಕೆ ಜಗ್ಗುವುದಿಲ್ಲ, ಅಡುಗೆಮನೆಯ ದಪ್ಪ ಕತ್ತರಿಸುವ ಹಲಗೆಯಿಂದಲೇ ಪಟ್ಟಿ ಸೀಳಿಕೊಳ್ಳಬಹುದು. ಆದರೆ ಸ್ಕ್ರೂ ಬಿಗಿದಲ್ಲಿ ಅದು ಬದಿಗೆ ಉಬ್ಬುತ್ತದೆ, ಆದ್ದರಿಂದ ರಂಧ್ರವನ್ನು ಸ್ಕ್ರೂಗಿಂತ ತುಸು ದೊಡ್ಡದಾಗಿ ಕೊರೆದು ಹಗುರವಾಗಿ ಬಿಗಿಯಬೇಕು. ಅಲ್ಯುಮಿನಿಯಂ ಪಟ್ಟಿ ಎಲ್ಲಕ್ಕಿಂತ ಸ್ಥಿರ. ಸ್ಲಾಟಿನ ಅಗಲಕ್ಕೆ ಸರಿಯಾದ ಪಟ್ಟಿ ಸಿಗದಿದ್ದರೆ ಸ್ವಲ್ಪ ಕಿರಿದಾದುದನ್ನು ತಂದು, ಬದಿಯಲ್ಲಿ ದಾರ ಕೊರೆದು ತಲೆಯಿಲ್ಲದ ಸಣ್ಣ ಗ್ರಬ್ ಸ್ಕ್ರೂಗಳನ್ನು ಹಾಕಿ ಸಡಿಲವನ್ನು ತುಂಬಿಕೊಳ್ಳಬಹುದು. ವಿದೇಶದಲ್ಲಿದ್ದು ಸಾಸ್ಟಾಪ್‌ನಂಥ, ಚರ್ಮ ತಾಗಿದೊಡನೆ ಬ್ಲೇಡನ್ನು ನಿಲ್ಲಿಸುವ ಯಂತ್ರ ಬಳಸುವ ಓದುಗರು ಒಂದನ್ನು ನೆನಪಿಡಬೇಕು: ಲೋಹದ ಫೆನ್ಸ್ ಅಥವಾ ಸ್ಟಾಪ್ ಬ್ಲೇಡಿಗೆ ತಾಗಿದರೂ ಆ ಯಂತ್ರ ಕೈಯೆಂದೇ ಭಾವಿಸಿ ಬ್ರೇಕ್ ಹಾಕುತ್ತದೆ, ಬ್ಲೇಡ್ ಮತ್ತು ಬ್ರೇಕಿನ ಡಬ್ಬಿ ಎರಡೂ ಹಾಳಾಗುತ್ತವೆ.

ಫೆನ್ಸನ್ನು ನೇರ ಮೂಲೆಗೆ ತರುವುದು

90 ಡಿಗ್ರಿಯ ಸ್ಲೆಡ್ ಒಂದಾದರೂ ಎರಡಾದರೂ ರನ್ನರಿನದಿರಲಿ, ಮೂಲೆಮಟ್ಟ ಇಟ್ಟು ನೋಡಿ ತೃಪ್ತಿಪಡುವುದು ಸಾಲದು. ಐದು ಕೊಯ್ಲಿನ ಪರೀಕ್ಷೆ ಇದಕ್ಕೆಂದೇ ಇದೆ. ಫೆನ್ಸಿನ ಒಂದು ತುದಿಯನ್ನು ಒಂದೇ ಸ್ಕ್ರೂನಿಂದ ಬಿಗಿದು, ಇನ್ನೊಂದು ತುದಿಯನ್ನು ಕ್ಲ್ಯಾಂಪಿನಿಂದ ಹಿಡಿದಿಡಿ. ಸುಮಾರು 400 ಮಿ.ಮೀ. ಚೌಕದ ಒಂದು ಪ್ಲೈವುಡ್ ತುಂಡಿನ ಒಂದು ಅಂಚನ್ನು ಕೊಯ್ದು, ಕೊಯ್ದ ಅಂಚನ್ನೇ ಫೆನ್ಸಿಗೆ ಒರಗಿಸಿ ಮುಂದಿನ ಅಂಚನ್ನು ಕೊಯ್ಯುತ್ತ ನಾಲ್ಕೂ ಬದಿಗಳನ್ನು ಸುತ್ತಿ ಬನ್ನಿ. ಐದನೆಯ ಕೊಯ್ಲಿನಲ್ಲಿ ಮೊದಲ ಬದಿಯಿಂದಲೇ 25 ಮಿ.ಮೀ. ಅಗಲದ ಪಟ್ಟಿಯೊಂದನ್ನು ತೆಗೆದು, ಅದರ ಎರಡು ತುದಿಗಳ ಅಗಲವನ್ನು ವರ್ನಿಯರಿನಿಂದ ಅಳೆಯಿರಿ. ಪ್ರತಿ ತಿರುವಿನಲ್ಲೂ ತಪ್ಪು ಕೂಡುತ್ತ ಬಂದಿರುವುದರಿಂದ, ಆ ವ್ಯತ್ಯಾಸವು ನಿಜವಾದ ತಪ್ಪಿನ ನಾಲ್ಕು ಪಟ್ಟು.

ಒಂದು ತುದಿ 25.10, ಇನ್ನೊಂದು 24.90 ಮಿ.ಮೀ. ಬಂದಿತೆನ್ನಿ. ವ್ಯತ್ಯಾಸ 0.20, ಅದರ ಕಾಲುಭಾಗ 0.05, ಇದು 400 ಮಿ.ಮೀ. ಉದ್ದದಲ್ಲಿನ ತಪ್ಪು. ಫೆನ್ಸಿನ ಸ್ಕ್ರೂಗೂ ನೀವು ಸರಿಸಬೇಕಾದ ತುದಿಗೂ 600 ಮಿ.ಮೀ. ದೂರವಿದ್ದರೆ, ಸರಿಸಬೇಕಾದದ್ದು 0.075 ಮಿ.ಮೀ. ಇಷ್ಟು ಸಣ್ಣ ದೂರಕ್ಕೆ ಬೈಕ್ ಮೆಕ್ಯಾನಿಕ್ಕುಗಳು ಟ್ಯಾಪೆಟ್ ಹೊಂದಿಸಲು ಬಳಸುವ, ಬೇರೆ ಬೇರೆ ದಪ್ಪದ ಉಕ್ಕಿನ ಎಲೆಗಳ ಫೀಲರ್ ಗೇಜ್ ಹೇಳಿ ಮಾಡಿಸಿದಂತಿದೆ, ಬೆಂಗಳೂರಿನ ಜೆ.ಸಿ. ರಸ್ತೆಯಂಥ ವಾಹನ ಬಿಡಿಭಾಗಗಳ ಬೀದಿಗಳಲ್ಲಿ ಸಿಗುತ್ತದೆ. ಫೆನ್ಸಿನ ಹಿಂದೆ ಒಂದು ತಡೆಹಲಗೆಯನ್ನು ಕ್ಲ್ಯಾಂಪ್ ಮಾಡಿ, ನಡುವೆ ತಕ್ಕ ದಪ್ಪದ ಎಲೆಯನ್ನಿಟ್ಟು ಫೆನ್ಸನ್ನು ಹೊಂದಿಸಿ, ಮತ್ತೆ ಐದು ಕೊಯ್ಲು ಮಾಡಿ. ವ್ಯತ್ಯಾಸ ಹೆಚ್ಚಾಗಿದ್ದರೆ ಸರಿಸಿದ ದಿಕ್ಕು ತಪ್ಪು ಎಂದರ್ಥ. ಸರಿಬಂದ ಮೇಲೆ ಉಳಿದ ಸ್ಕ್ರೂಗಳನ್ನು ಬಿಗಿಯಿರಿ. ಬ್ಲೇಡ್ ಹಾದುಹೋಗುವ ಗೆರೆಯ ಆಸುಪಾಸಿನಲ್ಲಿ ಸ್ಕ್ರೂ ಇರಲೇಬಾರದು.

ಬಳಸುವಾಗ

ಕೊಯ್ಲು ಮುಗಿದ ಕ್ಷಣದಲ್ಲಿ ಬ್ಲೇಡ್ ಎಲ್ಲಿರುತ್ತದೆ ಎಂಬುದನ್ನು ಬಹಳ ಮಂದಿ ಯೋಚಿಸುವುದಿಲ್ಲ. ನಿಮ್ಮ ಕಡೆಯ ಫೆನ್ಸನ್ನು ಸೀಳಿಕೊಂಡು ಅದು ನಿಮ್ಮ ಹೆಬ್ಬೆರಳುಗಳು ಇರುವ ಜಾಗಕ್ಕೆ ಬಂದಿರುತ್ತದೆ. ದಪ್ಪ ಮರವನ್ನು ಪೂರ್ತಿ ತುಂಡರಿಸಬೇಕಾದರೆ ಫೆನ್ಸಿನ ಮುಖ ಹೆಚ್ಚುಕಡಿಮೆ ಬ್ಲೇಡಿನ ಮಧ್ಯದವರೆಗೆ ಹೋಗಬೇಕು. 80 ಮಿ.ಮೀ. ಎದ್ದಿರುವ 10 ಇಂಚಿನ ಬ್ಲೇಡ್ ಮೇಜಿನ ಮಟ್ಟದಲ್ಲಿ ತನ್ನ ಮಧ್ಯದಿಂದ 118 ಮಿ.ಮೀ. ಮುಂದಕ್ಕೆ ಚಾಚಿರುತ್ತದೆ. ಫೆನ್ಸಿನ ದಪ್ಪ 36 ಮಿ.ಮೀ. ಕಳೆದರೂ 82 ಮಿ.ಮೀ. ಹೊರಗುಳಿಯಿತು. ಆದ್ದರಿಂದ ಫೆನ್ಸಿನ ಹಿಂದೆ, ಬ್ಲೇಡಿನ ಗೆರೆಯಲ್ಲಿ, ಕನಿಷ್ಠ 90 ಮಿ.ಮೀ. ಆಳದ ಮರದ ದಿಮ್ಮಿಯೊಂದನ್ನು ಅಂಟಿಸಿ, ಬ್ಲೇಡ್ ಅದರೊಳಗೇ ಅಡಗುವಂತೆ ಮಾಡಬೇಕು. ಜೊತೆಗೆ ಸ್ಲೆಡ್ ಅದಕ್ಕಿಂತ ಮುಂದೆ ಹೋಗದಂತೆ ತಳದ ಕೆಳಗೊಂದು, ಮೇಜಿಗೊಂದು ತಡೆ ಇಡಬೇಕು. ದಿಮ್ಮಿಗೆ ಕೆಂಪು ಬಣ್ಣ ಬಳಿಯುವುದು ವಾಡಿಕೆ. ಅಂದದ ಹಿಡಿಕೆಯನ್ನು ಫೆನ್ಸಿನ ನಟ್ಟನಡುವೆ ಕೂರಿಸುವವರಿದ್ದಾರೆ. ಹಿಡಿಕೆ ಇರಬೇಕಾದದ್ದು ಬ್ಲೇಡಿನ ಗೆರೆಯಿಂದ ಒಂದು ಗೇಣಾದರೂ ಪಕ್ಕಕ್ಕೆ. ಒಂದು ರನ್ನರಿನ ಸ್ಲೆಡ್ಡಿನಲ್ಲಿ ಬ್ಲೇಡ್ ಬದಿಯಲ್ಲೇ ತೆರೆದಿರುವುದರಿಂದ, ಫೆನ್ಸನ್ನು ಬ್ಲೇಡಿನಾಚೆಗೂ ಚಾಚಿಸಿ ಅದಕ್ಕೂ ಇದೇ ದಿಮ್ಮಿ ಹಾಕುವುದು ಅನಿವಾರ್ಯ.

ಸ್ಟಾಪ್ ಬ್ಲಾಕಿನ ಬದಲು ಯಂತ್ರದ ರಿಪ್ ಫೆನ್ಸನ್ನೇ ಅಳತೆಗೆ ಬಳಸುವ ಅಭ್ಯಾಸವನ್ನು ಬಿಡಬೇಕು. ತುಂಡಾದ ಭಾಗ ಬ್ಲೇಡಿಗೂ ರಿಪ್ ಫೆನ್ಸಿಗೂ ನಡುವೆ ಸಿಕ್ಕಿ ಓರೆಯಾದರೆ ಅದು ಗುಂಡಿನಂತೆ ಹಿಂದಕ್ಕೆ ಹಾರುತ್ತದೆ. 100 ಮಿ.ಮೀ.ಗಿಂತ ಚಿಕ್ಕ ತುಂಡನ್ನು ಬೆರಳಲ್ಲಿ ಹಿಡಿಯದೆ ಕ್ಲ್ಯಾಂಪಿನಲ್ಲೋ, ಉದ್ದನೆಯ ಮರದ ಕಡ್ಡಿಯಿಂದಲೋ ಒತ್ತಬೇಕು. ಬ್ಲೇಡ್ ನಿಲ್ಲುವವರೆಗೆ ಯಾವ ಚೂರನ್ನೂ ಎತ್ತಬಾರದು. ಕೈಗವಸು, ಸಡಿಲ ತೋಳು, ಹೆಗಲ ಮೇಲಿನ ಟವೆಲ್ ಯಾವುದೂ ಬೇಡ. ಕನ್ನಡಕ ಮತ್ತು ಮಾಸ್ಕ್ ಇರಲಿ. ಸ್ಲಾಟಿನಲ್ಲಿ ಮರದ ಹುಡಿ ತುಂಬಿಕೊಂಡರೆ ಸ್ಲೆಡ್ ತಡೆದು ನಿಂತು, ತಳ್ಳುವ ಕೈ ಮುಗ್ಗರಿಸುತ್ತದೆ, ಆದ್ದರಿಂದ ಗುಡಿಸುವ ಬ್ರಷ್ ಪಕ್ಕದಲ್ಲೇ ಇರಬೇಕು. ತಳಕ್ಕೆ ಮೇಣ ಸವರಿದರೆ ಓಟ ಹಗುರವಾಗುತ್ತದೆ.

ಯಾವ ಕ್ರಮದಲ್ಲಿ ಮಾಡಬೇಕು

ಖರ್ಚು ಮಾಡಲು ಹೆಚ್ಚಿಲ್ಲದವರು, ಯಂತ್ರ ಸಣ್ಣದಿರುವವರು ಒಂದು ರನ್ನರಿನದನ್ನು ಮಾಡಿ, ಫೋಟೊ ಚೌಕಟ್ಟಿನ ಆಸೆಯಿದ್ದರೆ ಅದರ ಮೇಲೆ ತಾತ್ಕಾಲಿಕ 45 ಡಿಗ್ರಿಯ ಪಟ್ಟಿಯೊಂದನ್ನು ಕೂರಿಸಿಕೊಳ್ಳಲಿ. ಒಂದೇ ಅಳತೆಯ ಡ್ರಾಯರುಗಳನ್ನು ಸಾಲಾಗಿ ಮಾಡುವವರಿಗೆ, ಮಕ್ಕಳ ಆಟಿಕೆಗಳಂಥ ಚಿಕ್ಕ ತುಂಡುಗಳ ಕೆಲಸದವರಿಗೆ ತುಂಡುಗಳೆರಡೂ ಸ್ಲೆಡ್ಡಿನ ಮೇಲೆಯೇ ಉಳಿಯುವ ಪೂರ್ಣ ಸ್ಲೆಡ್ ಹೆಚ್ಚು ಸುರಕ್ಷಿತ, ಆದರೆ ಚಿಕ್ಕ ಗಾತ್ರದ್ದು. ಒರಟು ಹಲಗೆಯಿಂದ ಪೀಠೋಪಕರಣ ಮಾಡುವವರು ಮೊದಲು ಸೀಳುವ ಸ್ಲೆಡ್ಡಿಗೆ ಎರಡು ಒಳ್ಳೆಯ ಟಾಗಲ್ ಕ್ಲ್ಯಾಂಪ್ ಕೊಳ್ಳಲಿ, ಅಡ್ಡ ಕೊಯ್ಲಿಗೆ ಸದ್ಯಕ್ಕೆ ಮೈಟರ್ ಗೇಜಿನ ಉದ್ದ ಮುಖವೇ ಸಾಕು. ಯಂತ್ರವನ್ನು ಬೇಗ ಬದಲಿಸುವ ಯೋಚನೆಯಿದ್ದವರು ದೊಡ್ಡ ಸ್ಲೆಡ್ಡನ್ನು ಮುಂದೂಡುವುದು ಲೇಸು, ಏಕೆಂದರೆ ಎರಡು ಸ್ಲಾಟುಗಳ ನಡುವಿನ ದೂರ ಯಂತ್ರದಿಂದ ಯಂತ್ರಕ್ಕೆ ಬೇರೆಯಾಗಿರುತ್ತದೆ. ತೆಳುವಾದ ಬ್ಲೇಡಿನಿಂದ ದಪ್ಪನೆಯದಕ್ಕೆ ಬದಲಾಯಿಸಿದರೆ ಸೀಳು ಅಗಲವಾಗುತ್ತದೆ, ಮತ್ತೆ ತೆಳುವಿಗೆ ಬಂದಾಗ ಚಕ್ಕೆ ಏಳುತ್ತದೆ. ಆದ್ದರಿಂದ ಸ್ಲೆಡ್ ಮಾಡುವ ದಿನ ಯಾವ ಬ್ಲೇಡ್ ಹಾಕಿದ್ದಿರೋ ಅದರ ದಪ್ಪವನ್ನು ತಳದ ಮೇಲೆಯೇ ಪೆನ್ಸಿಲಿನಲ್ಲಿ ಬರೆದಿಡಿ.